ಎರಡು ಸಲ ಮುಳುಗಿ ಒಂದು ಸಲ ಸುಟ್ಟ ದೋಣಿ

2025ರ ಸೆಪ್ಟೆಂಬರಿನಲ್ಲಿ ಅಪ್ಪ ಊರಿನಿಂದ ಬಂದಿದ್ದಾಗ ಅವರನ್ನು ಉತ್ತರ ಇಂಗ್ಲೆಂಡಿನ ಅಲ್ಸ್‌ವಾಟರ್ ಸರೋವರಕ್ಕೆ ಕರೆದುಕೊಂಡು ಹೋಗಿದ್ದೆ. ಗ್ಲೆನ್‌ರಿಡ್ಡಿಂಗ್ ಎಂಬ ಹಳ್ಳಿಯ ಕಟ್ಟೆಗೆ ಹಸಿರು ಮೈಯ, ಕೆಂಪು ಚಿಮಣಿಯ ದೋಣಿಯೊಂದು ಬಂದು ನಿಂತಿತು. ಶರಾವತಿ ಹಿನ್ನೀರಿನ ಲಾಂಚಿನಲ್ಲಿ ಜೀವನವಿಡೀ ಓಡಾಡಿದ ಅಪ್ಪ ಅದನ್ನು ಮೇಲಿಂದ ಕೆಳಗೆ ನೋಡಿ, “ಇದರ ಮೇಲೆ ಬಸ್ಸು ಎಲ್ಲಿ ಹತ್ತಿಸ್ತಾರೋ ಮಾರಾಯ?” ಎಂದು ಕೇಳಿದರು. ಬಸ್ಸು ಹತ್ತುವುದಿಲ್ಲ, ಜನ ಮಾತ್ರ ಎಂದೆ. ಅವರಿಗೆ ಅದು ಅಷ್ಟೇನೂ ಸಮಾಧಾನ ತಂದಂತೆ ಕಾಣಲಿಲ್ಲ.

ಆ ದೋಣಿಯ ಹೆಸರು ‘ಲೇಡಿ ಆಫ್ ದಿ ಲೇಕ್’. ಅದು ಮೊದಲು ನೀರಿಗಿಳಿದದ್ದು 1877ರ ಜೂನ್ 26ರಂದು, ಎಂದರೆ ನಮ್ಮ ಮೈಸೂರು ಸೀಮೆ ಧಾತು-ಈಶ್ವರ ಬರದಲ್ಲಿ ಬೇಯುತ್ತಿದ್ದ ವರ್ಷ. ಸುಮಾರು 12 ಕಿಲೋಮೀಟರ್ ಉದ್ದದ ಈ ಸರೋವರ ಇಂಗ್ಲೆಂಡಿನಲ್ಲಿ ಎರಡನೆಯ ದೊಡ್ಡದು. ಆದರೆ ಇದರಿಂದ ಹೊರಬೀಳುವ ಏಮಂಟ್ ಹೊಳೆಯಲ್ಲಿ ಹಡಗು ಸಾಗುವಂತಿಲ್ಲವಾದ್ದರಿಂದ, ಇಲ್ಲಿಗೆ ಬೇಕಾದ ದೋಣಿ ನೆಲದ ಮೇಲೆಯೇ ಬರಬೇಕಿತ್ತು. ಗ್ಲಾಸ್ಗೋ ಹತ್ತಿರದ ರದರ್‌ಗ್ಲೆನ್‌ನಲ್ಲಿ ಸೀತ್ ಎಂಬ ಹಡಗು ಕಟ್ಟುವ ಕಂಪನಿ ಇದನ್ನು ತಯಾರಿಸಿ, ಭಾಗಭಾಗವಾಗಿ ಬಿಚ್ಚಿ ರೈಲಿನಲ್ಲಿ ಪೆನ್‌ರಿತ್ ಊರಿಗೆ ಕಳುಹಿಸಿತು. ಅಲ್ಲಿಂದ ಕುದುರೆ ಬಂಡಿಗಳಲ್ಲಿ ಪೂಲಿ ಬ್ರಿಜ್ ಎಂಬ ಹಳ್ಳಿಯ ಬಳಿಯ ದಡಕ್ಕೆ ಸಾಗಿಸಿ, ಅಲ್ಲಿಯೇ ಮತ್ತೆ ಜೋಡಿಸಿದರು. ಕಟ್ಟೆಯ ಅಂಚಿನಲ್ಲಿ ಬಗ್ಗಿ ನೋಡಿದರೆ, ಎಷ್ಟೋ ಸಲ ಬಳಿದ ಬಣ್ಣದ ಅಡಿಯಲ್ಲಿ ರಿವೆಟ್‌ಗಳ ತಲೆಗಳು ಸಾಲಾಗಿ ಉಬ್ಬಿಕೊಂಡಿರುವುದು ಕಾಣುತ್ತದೆ. ಅಪ್ಪ ಅದರ ಮೇಲೆ ಬೆರಳಾಡಿಸಿ, ಬೆಸುಗೆ ಹಾಕಿದ್ದಲ್ಲ ಎಂದು ತಮ್ಮಷ್ಟಕ್ಕೆ ತಾವೇ ಖಚಿತಪಡಿಸಿಕೊಂಡರು.

ಇಂದು ಪ್ರವಾಸಿಗರು ತುಂಬಿರುವ ಈ ದೋಣಿ ಹುಟ್ಟಿದ್ದು ಕೇವಲ ವಿಹಾರಕ್ಕಲ್ಲ. ಗ್ಲೆನ್‌ರಿಡ್ಡಿಂಗ್‌ನ ಮೇಲಿನ ಗುಡ್ಡದಲ್ಲಿ ಗ್ರೀನ್‌ಸೈಡ್ ಎಂಬ ಸೀಸದ ಗಣಿ ಇತ್ತು. ಗಣಿಯ ಕೆಲಸಗಾರರು, ದಿನಸಿ, ಟಪಾಲು ಎಲ್ಲವೂ ಸರೋವರದ ಮೇಲೆ ಸಾಗುತ್ತಿದ್ದವು. ಇಲ್ಲಿ 1859ರಲ್ಲಿಯೇ ‘ಎಂಟರ್‌ಪ್ರೈಸ್’ ಎಂಬ, ನೀರನ್ನು ತಳ್ಳುವ ಚಕ್ರದ ಹಡಗು ಓಡಾಡಿತ್ತು. ‘ಲೇಡಿ’ ಬಂದ ಹನ್ನೆರಡು ವರ್ಷಗಳಿಗೆ, 1889ರಲ್ಲಿ, ಜೊತೆಗಾರನಾಗಿ ‘ರೇವನ್’ ಬಂತು. ಅದೂ ಇಂದಿಗೂ ಓಡುತ್ತಿದೆ.

1930ರ ದಶಕದಲ್ಲಿ ಎರಡರಿಂದಲೂ ಉಗಿಯಂತ್ರವನ್ನು ಕಿತ್ತು ತೈಲದ ಎಂಜಿನ್ ಕೂರಿಸಲಾಯಿತು. ಅಂದಿನಿಂದ ಇವು ಸ್ಟೀಮರ್‌ಗಳಲ್ಲ, ಆದರೆ ಇವನ್ನು ಓಡಿಸುವ ಕಂಪನಿಯ ಹೆಸರಿನಲ್ಲಿಯೂ ಜನರ ಬಾಯಲ್ಲಿಯೂ ಸ್ಟೀಮರ್‌ಗಳಾಗಿಯೇ ಉಳಿದಿವೆ. ಹಳೆಯದನ್ನು ಪ್ರೀತಿಸುವವರಿಗೆ ಈ ಬದಲಾವಣೆ ಕಸಿವಿಸಿ ತರಬಹುದು. ನನಗೆ ಮಾತ್ರ ಅದು ಸರಿಯಾದ ನಿರ್ಧಾರವೆಂದೇ ತೋರುತ್ತದೆ: ಪ್ರತಿ ಬೆಳಿಗ್ಗೆ ಬಾಯ್ಲರಿಗೆ ಬೆಂಕಿ ಹೊತ್ತಿಸಿ, ಉಗಿ ಕಟ್ಟುವವರೆಗೆ ಕಾದು, ದಿನವಿಡೀ ಕಲ್ಲಿದ್ದಲು ತುಂಬುವ ಆಳನ್ನಿಟ್ಟುಕೊಂಡು ನಡೆಸುವ ದೋಣಿ ಆ ಕಾಲದಲ್ಲಿ ಬಹಳ ದಿನ ಬಾಳುತ್ತಿರಲಿಲ್ಲ.

ಹಾಗೆ ನೋಡಿದರೆ ‘ಲೇಡಿ’ಯ ಬಾಳು ಸಲೀಸಾಗಿಯೇನೂ ಸಾಗಲಿಲ್ಲ. ನೀರಿಗಿಳಿದ ನಾಲ್ಕೇ ವರ್ಷಕ್ಕೆ, 1881ರಲ್ಲಿ, ಕಟ್ಟಿಹಾಕಿದ್ದಲ್ಲಿಯೇ ಮುಳುಗಿತು, ಎತ್ತಿ ಸರಿಪಡಿಸಿದರು. 1958ರ ಬಿರುಗಾಳಿಯಲ್ಲಿ ಮತ್ತೆ ಮುಳುಗಿತು, ಮತ್ತೆ ಎತ್ತಿದರು. ಆಮೇಲೆ 1962ರಲ್ಲಿ ಗ್ರೀನ್‌ಸೈಡ್ ಗಣಿ ಮುಚ್ಚಿತು. 1965ರಲ್ಲಿ ಬೆಂಕಿ ಬಿದ್ದು ದೋಣಿಯ ಒಳಭಾಗ ಸುಟ್ಟುಹೋದಾಗ ಮಾತ್ರ ಯಾರೂ ಕೂಡಲೇ ಕೈಹಾಕಲಿಲ್ಲ. ಹದಿನಾಲ್ಕು ವರ್ಷ ಅದು ದಡದ ಮೇಲೆಯೇ ಬಿದ್ದಿತ್ತು. ಲೆಕ್ಕಪತ್ರ ನೋಡುವ ಯಾರಾದರೂ ಅದನ್ನು ಗುಜರಿಗೆ ಹಾಕಿ ಎಂದೇ ಹೇಳುತ್ತಿದ್ದರೇನೋ. ಕೊನೆಗೆ ದುರಸ್ತಿಯಾಗಿ 1979ರ ಮೇ ತಿಂಗಳಲ್ಲಿ, ಈ ಭಾಗದ ಸಂಸದರೂ ಆಗಷ್ಟೇ ಗೃಹಮಂತ್ರಿಯೂ ಆಗಿದ್ದ ವಿಲಿಯಂ ವೈಟ್‌ಲಾ ಅವರ ಕೈಯಿಂದ ಅದು ಮರಳಿ ನೀರಿಗಿಳಿಯಿತು.

ಇದು ಜಗತ್ತಿನಲ್ಲಿಯೇ ಇನ್ನೂ ಓಡುತ್ತಿರುವ ಅತ್ಯಂತ ಹಳೆಯ ಪ್ರಯಾಣಿಕರ ದೋಣಿ ಎಂಬ ಮಾತು ಅಲ್ಲಲ್ಲಿ ಕೇಳಿಬರುತ್ತದೆ. ನಾನು ಅದನ್ನು ಒಪ್ಪಲಾರೆ. ನಾರ್ವೆಯ ಮ್ಯೋಸಾ ಸರೋವರದಲ್ಲಿ 1856ರ ‘ಶಿಬ್ಲಾಡ್ನರ್’ ಎಂಬ ಚಕ್ರದ ಹಡಗು ಇಂದಿಗೂ ಬೇಸಿಗೆಯಲ್ಲಿ ಓಡುತ್ತದೆ. ಪಕ್ಕದ ಕಾನಿಸ್ಟನ್ ಸರೋವರದ ‘ಗೊಂಡೋಲಾ’ 1859ರದು, ಆದರೆ 1970ರ ದಶಕದ ಕೊನೆಗೆ ಅದರ ಒಡಲನ್ನೇ ಹೊಸದಾಗಿ ಕಟ್ಟಿದ್ದರಿಂದ ಅದನ್ನು ಈ ಲೆಕ್ಕಕ್ಕೆ ಸೇರಿಸುವುದು ಕಷ್ಟ. ‘ಲೇಡಿ’ಗೆ ಈ ಬಿರುದಿನ ಅಗತ್ಯವೂ ಇಲ್ಲ.

ದೋಣಿ ಹೌಟೌನ್ ಕಟ್ಟೆಗೆ ಬಂದಾಗ ಬೆನ್ನಿಗೆ ಚೀಲ, ಕಾಲಿಗೆ ಕೆಸರು ಮೆತ್ತಿದ ಬೂಟು ಹಾಕಿದ್ದ ಇಪ್ಪತ್ತು ಜನರಾದರೂ ಇಳಿದರು. ಪೂರ್ವದ ದಡದಲ್ಲಿ ಪೂಲಿ ಬ್ರಿಜ್ ಕಡೆಯಿಂದ ಬರುವ ಕಿರಿದಾದ ರಸ್ತೆ ಹೌಟೌನ್ ದಾಟಿ ಗುಡ್ಡದ ಒಳಕ್ಕೆ ತಿರುಗಿ ಅಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಗ್ಲೆನ್‌ರಿಡ್ಡಿಂಗ್ ಕಡೆಗೆ ದಡದುದ್ದಕ್ಕೂ ಇರುವುದು ಕಾಲುದಾರಿ ಮಾತ್ರ. ಹೀಗಾಗಿ ಬರುವಾಗ ದೋಣಿಯಲ್ಲಿ ಬಂದು, ಮರಳುವಾಗ ನಡೆದು ಹೋಗುವುದು ಇಲ್ಲಿನ ರೂಢಿ. ಗಣಿ ಮುಚ್ಚಿದ ಮೇಲೆ ಈ ದೋಣಿಗೆ ಕೆಲಸ ಕೊಟ್ಟವರಲ್ಲಿ ಈ ನಡೆಯುವವರ ಪಾಲು ದೊಡ್ಡದು.

ಕಟ್ಟೆಯ ಕಂಬಕ್ಕೆ ಹಗ್ಗ ಎಸೆಯುತ್ತಿದ್ದ ಹುಡುಗಿಯನ್ನು ಅಪ್ಪ ಬಹಳ ಹೊತ್ತು ನೋಡುತ್ತಿದ್ದರು. ಊರಿನಲ್ಲಿ ಶರಾವತಿ ಹಿನ್ನೀರಿಗೆ ಕಟ್ಟಿದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಗಿ ಆಗಿನ್ನೂ ಎರಡು ತಿಂಗಳಾಗಿತ್ತು.

“ಇವರು ಇಲ್ಲಿ ಸೇತುವೆ ಕಟ್ಟಲಿಲ್ವಾ?”

“ಕಟ್ಟಿದರೂ ಆ ದಡದಲ್ಲಿ ಮುಂದೆ ಹೋಗೋಕೆ ರಸ್ತೆನೇ ಇಲ್ಲ ಅಪ್ಪ.”

“ಹಂಗಾದ್ರೆ ಇದು ಇನ್ನೂ ಓಡತ್ತೆ ಬಿಡು” ಎಂದರು ಅಪ್ಪ, ಗಾಳಿಗೆ ಮಫ್ಲರನ್ನು ಕಿವಿಗೆ ಸುತ್ತಿಕೊಳ್ಳುತ್ತ.