ನಮ್ಮ ವೋಟು ಒಂದು ಕಡೆ, ನಗರಸಭೆ ಕುರ್ಚಿ ಇನ್ನೊಂದು ಕಡೆ

ಚಿಕ್ಕಬಳ್ಳಾಪುರದಲ್ಲಿ 2020ರ ಫೆಬ್ರವರಿಯಲ್ಲಿ ನಗರಸಭೆ ಚುನಾವಣೆ ನಡೆಯಿತು. ಒಟ್ಟು 31 ವಾರ್ಡು. ಕಾಂಗ್ರೆಸ್ 16 ಗೆದ್ದಿತು, ಬಿಜೆಪಿ 9. ಇನ್ನು ಅಧ್ಯಕ್ಷ ಗಾದಿ ಕಾಂಗ್ರೆಸ್‌ಗೇ ಅಂತ ಊರಲ್ಲಿ ಮಾತಾಯಿತು. ಆಮೇಲೆ ಕೊರೊನಾ, ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಅನ್ನುವ ಮೀಸಲಾತಿ ಪಟ್ಟಿ ಅಂತ ತಿಂಗಳುಗಟ್ಟಲೆ ಹೋಗಿ, ವರ್ಷದ ಕೊನೆಗೆ ಅಧ್ಯಕ್ಷರ ಆಯ್ಕೆ ಆದಾಗ ಕುರ್ಚಿ ಬಿಜೆಪಿ ಪಾಲಾಯಿತು.

ಇದು ಹೇಗಾಯಿತು? ಅಧ್ಯಕ್ಷರನ್ನು ಆರಿಸುವಾಗ ಸದಸ್ಯರ ಜೊತೆ ಶಾಸಕರಿಗೂ ಸಂಸದರಿಗೂ ವೋಟಿರುತ್ತದೆ. ಇಲ್ಲಿನ ಆಗಿನ ಶಾಸಕ ಸುಧಾಕರ್ 2019ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿ ಸೇರಿ, ಡಿಸೆಂಬರ್ ಉಪಚುನಾವಣೆಯಲ್ಲಿ ಗೆದ್ದಿದ್ದರು. ಅದರ ಮೇಲೆ ಕೈ ಗುರುತಿನಲ್ಲಿ ಗೆದ್ದ ಕೆಲವರೂ ಆ ಕಡೆಗೆ ವಾಲಿದರು. ಅಲ್ಲಿಗೆ ನಮ್ಮ ವಾರ್ಡಿನ ಜನ ಬಿಸಿಲಲ್ಲಿ ಸಾಲು ನಿಂತು ಹಾಕಿದ ವೋಟಿನ ಲೆಕ್ಕವೇ ಬದಲಾಗಿಹೋಯಿತು.

ಪಕ್ಷ ಯಾವುದೇ ಇರಲಿ, ನನಗೆ ಸಂಕಟ ಆಗುವುದು ಇಲ್ಲೇ. ಪ್ರಚಾರಕ್ಕೆ ಬಂದಾಗ ನಮ್ಮ ಬೀದಿಯ ಅಭ್ಯರ್ಥಿ ಚರಂಡಿ ಪಕ್ಕವೇ ನಿಂತು, ಕರಪತ್ರ ಕೈಗಿಟ್ಟು, 'ಅಮ್ಮಾ, ಗೆದ್ದ ಮೇಲೆ ಮೊದಲು ಇದನ್ನೇ ಸರಿ ಮಾಡಿಸ್ತೀನಿ' ಅಂದಿದ್ದರು. ಪಕ್ಕದ ಮನೆ ಅಜ್ಜಿ ಆ ಕರಪತ್ರವನ್ನು ಮಡಚಿ ರೇಷನ್ ಕಾರ್ಡಿನ ಒಳಗೆ ಇಟ್ಟುಕೊಂಡರು. ಅಧ್ಯಕ್ಷರ ಆಯ್ಕೆ ಹತ್ತಿರ ಬಂದಾಗ ಅದೇ ವ್ಯಕ್ತಿಯ ಫೋನ್ ಸ್ವಿಚ್ ಆಫ್. ಯಾರನ್ನು ಬೆಂಬಲಿಸ್ತೀರಿ, ಯಾಕೆ ಅಂತ ನಾವು ಕೇಳುವುದಾದರೂ ಎಲ್ಲಿ?

ಪಕ್ಷಾಂತರ ತಡೆಯಲು ನಗರಸಭೆಗಳಿಗೂ 1987ರ ಕಾಯ್ದೆ ಇದೆ. ಯಾರಿಗೆ ವೋಟು ಹಾಕಬೇಕು ಅಂತ ಪಕ್ಷ ಕೊಡುವ ಆದೇಶ, ಅಂದರೆ ವಿಪ್, ಮೀರಿದರೆ ಸದಸ್ಯತ್ವ ಹೋಗಬಹುದು. ಆದರೆ ದೂರು, ನೋಟಿಸ್, ವಿಚಾರಣೆ, ಕೋರ್ಟು ಅಂತ ಸುತ್ತುವಷ್ಟರಲ್ಲಿ ಅಧ್ಯಕ್ಷರ ಅವಧಿಯೇ ಮುಗಿಯುವ ಹಾಗಿರುತ್ತದೆ. ಆ ಅವಧಿ ಇರುವುದೇ 30 ತಿಂಗಳು.

ಇನ್ನೂ ಬೇಜಾರಿನ ವಿಷಯ ಅಂದರೆ ಕುರ್ಚಿ ಖಾಲಿ ಬಿದ್ದದ್ದು. ಮೊದಲ ಅವಧಿ 2023ರಲ್ಲಿ ಮುಗಿಯಿತು, ಎರಡನೇ ಅವಧಿಯ ಮೀಸಲಾತಿ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಯದ್ದೇ ಕಾರುಬಾರು. ಸದಸ್ಯರು ಇದ್ದೂ ಇಲ್ಲದಂತೆ. ಅಷ್ಟರಲ್ಲಿ ಶಾಸಕರ ಸ್ಥಾನ ಕಾಂಗ್ರೆಸ್‌ನ ಪ್ರದೀಪ್ ಈಶ್ವರ್ ಕೈಗೆ ಬಂದಿತ್ತು, ಸುಧಾಕರ್ ಸಂಸದರಾಗಿದ್ದರು. ಆದರೂ ಸೆಪ್ಟೆಂಬರಿನಲ್ಲಿ ಗಾದಿ ಮತ್ತೆ ಬಿಜೆಪಿಗೇ ಹೋಯಿತು. ಊರೆಲ್ಲ ಇಬ್ಬರು ನಾಯಕರಲ್ಲಿ ಯಾರು ಗೆದ್ದರು ಅಂತಲೇ ಮಾತಾಡಿತು. ಜಕ್ಕಲಮಡಗು ಜಲಾಶಯದಿಂದ ಊರಿಗೆ ಬರುವ ನೀರು, ಕಸ, ಬೀದಿದೀಪದ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ.

ಮನಸ್ಸು ಬದಲಾಯಿಸುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ವಾರ್ಡಿಗೆ ಅನುದಾನ ಬರಬೇಕು ಅಂದರೆ ಆ ಕಡೆ ಹೋಗಲೇಬೇಕು ಅನ್ನಿಸಿದರೆ, ಬನ್ನಿ, ದೇವಸ್ಥಾನದ ಕಟ್ಟೆ ಮೇಲೆ ಕೂತು ನಮಗೆ ಹೇಳಿ, ಬೈಸಿಕೊಳ್ಳಿ, ಆಮೇಲೆ ಹೋಗಿ ಕೈ ಎತ್ತಿ. ಮುಂದಿನ ಸಲ ವೋಟು ಕೇಳಲು ಬಂದವರಿಗೆ ನಾನಂತೂ ಮೊದಲು ಇದನ್ನೇ ಕೇಳುತ್ತೇನೆ: ಅಧ್ಯಕ್ಷರ ಆಯ್ಕೆಯ ಹಿಂದಿನ ದಿನ ನೀವು ಊರಲ್ಲಿ ಇರ್ತೀರಾ? ನೀವೂ ಕೇಳಿ.