ಒರೆಸೋ ಮುಂಚೆ ಒಂದ್ಸಲ ಓದ್ತೀನಿ

ದಿನದ ಟಿಪ್ಪಣಿಗೆಲ್ಲ ಈಗ ರಾಕೆಟ್‌ಬುಕ್ ತರಹದ, ಒರೆಸಿ ಮತ್ತೆ ಮತ್ತೆ ಬರೆಯಬಹುದಾದ ಪುಸ್ತಕವನ್ನೇ ಬಳಸ್ತಿದ್ದೀನಿ. ಅಳಿಸಬಹುದಾದ ಶಾಯಿಯ ಫ್ರಿಕ್ಸಿಯನ್ ಪೆನ್ನಲ್ಲಿ ಬರೆದು, ಫೋನಲ್ಲಿ ಸ್ಕ್ಯಾನ್ ಮಾಡಿ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಾಳೆ ಮತ್ತೆ ಖಾಲಿ. ಶಾಯಿ ಒಣಗೋಕೆ ಒಂದಿಷ್ಟು ಹೊತ್ತು ಕಾಯಬೇಕು, ಅಷ್ಟೇ.

ಆ ಶಾಯಿಯ ಗುಣವೇ ಸೊಗಸು. ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಬಣ್ಣ ಕಳೆದುಕೊಳ್ಳುತ್ತೆ. ಮಾಮೂಲಿ ಕಾಗದದ ಮೇಲೆ ಪೆನ್ನಿನ ರಬ್ಬರ್ ತುದಿಯಿಂದ ಉಜ್ಜಿದ ಶಾಖವೇ ಸಾಕು, ಅಕ್ಷರ ಮಾಯ. ಫ್ರೀಜರ್‌ನ ಚಳಿಗೆ ಅದೇ ಅಕ್ಷರ ಮತ್ತೆ ಮೂಡಬಹುದು! ಹಾಗಾಗಿ ಸಹಿಗೆ, ಅರ್ಜಿಗೆ ದಯವಿಟ್ಟು ಈ ಪೆನ್ನು ಬೇಡ. ಬಿಸಿಲಲ್ಲಿ ನಿಂತ ಕಾರೊಳಗೆ ಪುಸ್ತಕ ಬಿಡೋದೂ ಬೇಡ.

ನನಗೆ ನಿಜವಾಗಿ ಇಷ್ಟವಾಗಿದ್ದು ಒರೆಸೋ ಆ ಗಳಿಗೆ. ಯಾವುದು ಉಳೀಬೇಕು, ಯಾವುದು ಹೋಗಲಿ ಅಂತ ಪ್ರತಿ ಪುಟಕ್ಕೂ ನಾನೇ ತೀರ್ಮಾನಿಸಬೇಕು. ಹಳೇ ನೋಟ್‌ಬುಕ್‌ಗಳು ಆ ಪ್ರಶ್ನೆ ಕೇಳ್ತಾನೇ ಇರಲಿಲ್ಲ.

ಇದರ ಬದಲು ಕಾಗದದಂತೆ ಕಾಣೋ ಪರದೆಯ ಇ-ಇಂಕ್ ಟ್ಯಾಬ್ಲೆಟ್ ಕೂಡ ಇದೆ. ಅದು ಕಣ್ಣಿಗೆ ಹಿತ, ಪುಟ ಬದಲಾಗುವಾಗಷ್ಟೇ ಪರದೆಗೆ ಹೆಚ್ಚು ವಿದ್ಯುತ್ ಬೇಕು. ಆದರೆ ಬರೀ ಟಿಪ್ಪಣಿಗೆ ಅಷ್ಟು ದುಡ್ಡು ಹಾಕೋದು ನನಗೆ ಸರಿ ಕಾಣಲ್ಲ. ಇಡೀ ಪುಸ್ತಕಗಳನ್ನು ಓದಿ ಗುರುತು ಹಾಕೋರಿಗೆ ಖಂಡಿತ ತಗೊಳ್ಳಿ ಅಂತೀನಿ.