ಒಂಟಿಯಾಗಿ ನಿಲ್ಲಬೇಕಾದ ಸರ್ಜನ್‌ಗೆ ಪೊರೆ ಆಪರೇಷನ್ ಕಲಿಸುವುದು

ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಿಂದ ಬರುವ ಕಣ್ಣಿನ ಪೊರೆ ಬಹುಪಾಲು ತಡವಾಗಿ ಬಂದ ಪೊರೆ. "ಇನ್ನೂ ಬಲೀಲಿ ತಡಿ" ಅನ್ನುವ ಹಳೆಯ ಮಾತು, ಆಮೇಲೆ ಬಿತ್ತನೆ, ಆಮೇಲೆ ಕೊಯ್ಲು, ಮನೆಯಲ್ಲೊಂದು ಮದುವೆ. ಹೀಗೆ ಮುಂದಕ್ಕೆ ಹೋಗಿ ಹೋಗಿ, ಮುಖದ ಮುಂದೆ ಹಿಡಿದ ಬೆರಳು ಎಣಿಸಲು ಆಗದಿದ್ದಾಗ ಆಸ್ಪತ್ರೆಗೆ ಬರುತ್ತಾರೆ. ಅಷ್ಟರಲ್ಲಿ ಕಣ್ಣಿನ ಲೆನ್ಸಿನ ನಡುಭಾಗವಾದ ನ್ಯೂಕ್ಲಿಯಸ್ ಕರಿಬೆಲ್ಲದ ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುತ್ತದೆ. ದೊಡ್ಡ ಊರಿನಲ್ಲಿ, ಪೊರೆಯನ್ನು ಅಲ್ಟ್ರಾಸೌಂಡ್‌ನಿಂದ ಪುಡಿಮಾಡಿ ಹೀರುವ ಫೇಕೋ ಯಂತ್ರದ ಮೇಲೆ ಮೆತ್ತನೆಯ ಪೊರೆ ತೆಗೆದು ಕೈ ಪಳಗಿಸಿಕೊಂಡ ವೈದ್ಯರಿಗೆ ಇದು ಬೇರೆಯದೇ ಕೆಲಸ.

ಇಂಥ ಪೊರೆ ತೆಗೆಯುವ ತರಬೇತಿ ಮುಗಿಸಿದವರಲ್ಲಿ ಕೆಲವರು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ, ಕೆಲವರು ಬೇರೆ ರಾಜ್ಯಕ್ಕೆ, ಕೆಲವರು ಬೇರೆ ದೇಶದ ಇಂಥದ್ದೇ ಬಡ ಜಿಲ್ಲೆಗೆ. ಎಲ್ಲಿ ಹೋದರೂ ಒಂದು ಸಂಗತಿ ಬದಲಾಗುವುದಿಲ್ಲ: ಪಕ್ಕದ ಕೋಣೆಯಲ್ಲಿ ಕರೆಯಲು ಸೀನಿಯರ್ ಇರುವುದಿಲ್ಲ, ರೆಟಿನಾ ತಜ್ಞರು ನೂರಾರು ಕಿಲೋಮೀಟರ್ ದೂರದಲ್ಲಿರುತ್ತಾರೆ. ಹಾಗಾಗಿ ಯಾವ ಹಂತ ಕಲಿಸಿದರೂ ಅದು ಕೆಟ್ಟರೆ ಟ್ರೇಯಲ್ಲಿ ಇರುವುದರಿಂದಲೇ ಹೇಗೆ ಸರಿಪಡಿಸಬೇಕು ಎಂಬುದನ್ನು ಅದೇ ದಿನ ಕಲಿಸಬೇಕು. ವೇಗ ತಾನಾಗಿ ಬರುತ್ತದೆ, ಸರಿಪಡಿಸುವ ವಿದ್ಯೆ ತಾನಾಗಿ ಬರುವುದಿಲ್ಲ.

ಕಲಿಸುವುದು ಎಸ್‌ಐಸಿಎಸ್, ಅಂದರೆ ಯಂತ್ರವಿಲ್ಲದೆ ಚಿಕ್ಕ ಗಾಯದಲ್ಲಿ ಪೊರೆ ತೆಗೆಯುವ ವಿಧಾನ. ಬೇಕಾಗುವುದು ಮೈಕ್ರೋಸ್ಕೋಪ್, ಎರಡು ಮೂರು ಬ್ಲೇಡು, ವೆಕ್ಟಿಸ್ (ನ್ಯೂಕ್ಲಿಯಸ್ ಹೊರತರುವ, ನೀರು ಬಿಡುವ ಕೊಕ್ಕೆ), ಸಿಮ್ಕೋ ಕ್ಯಾನುಲಾ (ನೀರು ಬಿಡುತ್ತಲೇ ಹೀರುವ ಸಣ್ಣ ಕೊಳವೆ), 6 ಮಿ.ಮೀ. ಪಿಎಂಎಂಎ (ಗಟ್ಟಿ ಪ್ಲಾಸ್ಟಿಕ್) ಲೆನ್ಸ್. ಮದುರೆಯ ಅರವಿಂದ ಆಸ್ಪತ್ರೆಯ ಬಳಗದ ಆರೋಲ್ಯಾಬ್ 1992ರಲ್ಲಿ ಲೆನ್ಸ್ ತಯಾರಿಕೆ ಶುರುಮಾಡಿದ ಮೇಲೆ ಬಡವರ ಕಣ್ಣಿಗೂ ಲೆನ್ಸ್ ಹಾಕುವುದು ಕೈಗೆಟುಕುವ ಮಾತಾಯಿತು. ಗಟ್ಟಿ ಪೊರೆಗೆ ಈ ವಿಧಾನವೇ ಹೆಚ್ಚು ಸುರಕ್ಷಿತ ಎಂಬುದು ನಮ್ಮ ಖಚಿತ ಅಭಿಪ್ರಾಯ. ಇದನ್ನು 'ಫೇಕೋ ಬಾರದವರ ಆಪರೇಷನ್' ಎಂದು ನೋಡುವ ವಿದ್ಯಾರ್ಥಿಗೆ ಮೊದಲು ಆ ಭಾವನೆ ಬಿಡಿಸಬೇಕು.

ಮನುಷ್ಯರ ಕಣ್ಣಿಗೆ ಮುಂಚೆ ಆಡಿನ ಕಣ್ಣು. ಮಟನ್ ಅಂಗಡಿಯಿಂದ ಆವತ್ತೇ ಬೆಳಿಗ್ಗೆ ತರಬೇಕು, ಒದ್ದೆ ಬಟ್ಟೆಯಲ್ಲಿ ಸುತ್ತಿ ಐಸ್ ಡಬ್ಬಿಯಲ್ಲಿ ಇಡಬೇಕು. ಫ್ರೀಜರ್‌ಗೆ ಹಾಕಿದರೆ ಕಾರ್ನಿಯಾ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಮಂಜಾಗಿ ಒಳಗೆ ಏನೂ ಕಾಣುವುದಿಲ್ಲ. ಕಣ್ಣು ಮೆತ್ತಗಾಗಿದ್ದರೆ ಹಿಂದಿನ ನರದ ತುಂಡಿನ ಮೂಲಕ ಸಿರಿಂಜಿನಿಂದ ಸಲೈನ್ ತುಂಬಿ ಬಿಗಿಮಾಡಿಕೊಳ್ಳಬೇಕು. ಪೊರೆ ಹೊರತರಲು ಕಣ್ಣಿನ ಗೋಡೆಯ ಪದರಗಳ ನಡುವೆ ಕೊರೆಯುವ ದಾರಿ, ಅಂದರೆ ಟನಲ್, ಕಲಿಯಲು ಆಡಿನ ಕಣ್ಣು ಒಳ್ಳೆಯದು. ಆದರೆ ಅದರ ಲೆನ್ಸ್ ಚೀಲ ದಪ್ಪ, ರಬ್ಬರಿನಂತೆ ಎಳೆಯುತ್ತದೆ, ಅದರ ಮೇಲೆ ರೆಕ್ಸಿಸ್ (ಲೆನ್ಸ್ ಚೀಲದ ಮುಂಗೋಡೆಯಲ್ಲಿ ದುಂಡಗೆ ಬಾಯಿ ತೆಗೆಯುವುದು) ಕಲಿತೆ ಅಂದುಕೊಂಡರೆ ಮೋಸಹೋಗುತ್ತಾರೆ. ಅದಕ್ಕೆ ಟೊಮೆಟೊ ಸಿಪ್ಪೆ ಇಲ್ಲವೇ ಕೃತಕ ಕಣ್ಣೇ ವಾಸಿ. ಕೀನ್ಯಾ, ಟಾಂಜಾನಿಯಾ, ಉಗಾಂಡಾ, ಜಿಂಬಾಬ್ವೆಯ ಕಲಿಕಾ ವೈದ್ಯರಿಗೆ ಕೇಪ್‌ಟೌನ್‌ನಲ್ಲಿ 5 ದಿನ ಕೃತಕ ಕಣ್ಣಿನ ಮೇಲೆ ಇದೇ ಎಸ್‌ಐಸಿಎಸ್ ಕಲಿಸಿ ನಡೆಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಆ 5 ದಿನವೇ ಅವರ ಕೈಯನ್ನು ಸ್ಪಷ್ಟವಾಗಿ ಸುಧಾರಿಸಿತ್ತು. ರೋಗಿಯ ಕಣ್ಣಿನ ಮೇಲೆ ಮೊದಲ ತಪ್ಪು ಮಾಡಬೇಕಾದ ಕಾಲ ಮುಗಿದಿದೆ.

ಆಪರೇಷನ್‌ನ ಅರ್ಧ ಭವಿಷ್ಯ ಟನಲ್‌ನಲ್ಲಿದೆ. ಕಾರ್ನಿಯಾ ಮತ್ತು ಕಣ್ಣಿನ ಬಿಳಿಭಾಗ ಸೇರುವ ಅಂಚಾದ ಲಿಂಬಸ್‌ನಿಂದ 1.5ರಿಂದ 2 ಮಿ.ಮೀ. ಹಿಂದೆ, ಬಿಲ್ಲಿನಂತೆ ಹಿಂದಕ್ಕೆ ಬಾಗಿದ ಗೆರೆ. ಉದ್ದ ಸಾಮಾನ್ಯ ಪೊರೆಗೆ 6ರಿಂದ 6.5, ಕಂದು ಪೊರೆಗೆ 7 ಮಿ.ಮೀ. ಆಳ ಸ್ಕ್ಲೀರಾದ (ಕಣ್ಣಿನ ಬಿಳಿ ಹೊರಗೋಡೆಯ) ಅರ್ಧ ದಪ್ಪ. ಅಲ್ಲಿಂದ ಬಾಗಿದ ಕ್ರೆಸೆಂಟ್ ಬ್ಲೇಡು ಪದರದ ನಡುವೆ ಸೀಳುತ್ತಾ ಪಾರದರ್ಶಕ ಕಾರ್ನಿಯಾದೊಳಗೆ 1ರಿಂದ 1.5 ಮಿ.ಮೀ. ಹೋಗಬೇಕು, ಒಳಬಾಯಿ ಹೊರಬಾಯಿಗಿಂತ ಅಗಲವಾಗಿರಬೇಕು. ಆಳ ತಿಳಿಯುವುದು ಕಣ್ಣಿನಿಂದಲೇ. ತೆಳು ಪಂಚೆಯ ಕೆಳಗೆ ಬೆರಳು ಇಟ್ಟಂತೆ ಬ್ಲೇಡಿನ ಅಂಚು ಮಸುಕಾಗಿ ಕಾಣಬೇಕು. ಫಳಫಳ ಹೊಳೆದರೆ ಮೇಲೆ ಬಂದಿದ್ದೀರಿ, ಇನ್ನೆರಡು ಎಳೆತಕ್ಕೆ ಮೇಲ್ಪದರ ತೂತಾಗುತ್ತದೆ. ಕಾಣದೇ ಹೋದರೆ ಆಳಕ್ಕೆ ಇಳಿದಿದ್ದೀರಿ, ಬೇಗನೆ ಒಳಕೋಣೆಗೆ (ಕಾರ್ನಿಯಾದ ಹಿಂದಿನ ನೀರಿನ ಜಾಗಕ್ಕೆ) ತೂರಿ, ಪಾಪೆಯ ಸುತ್ತಲಿನ ಬಣ್ಣದ ಪರದೆಯಾದ ಐರಿಸ್ ಹೊರಗೆ ನುಗ್ಗುತ್ತದೆ. ಬ್ಲೇಡಿನ ಹಿಮ್ಮಡಿ ಸ್ಕ್ಲೀರಾದ ಮೇಲೆ ಒತ್ತಿದರೆ ತುದಿ ಮೇಲೇಳುತ್ತದೆ, ಕಣ್ಣು ಗುಂಡಗಿದೆ ಎಂಬುದನ್ನು ಮರೆತು ನೇರಕ್ಕೆ ತಳ್ಳಿದರೆ ತುದಿ ಒಳಗೆ ಇಳಿಯುತ್ತದೆ. ಹೊಸಬರ ಬಹುಪಾಲು ತಪ್ಪು ಈ ಎರಡರಲ್ಲೇ ಇದೆ.

ತೂತಾದರೆ ಅದೇ ಪದರದಲ್ಲಿ ಹಟ ಮಾಡಬಾರದು. ಗೆರೆಯ ಇನ್ನೊಂದು ತುದಿಯಿಂದ ಸ್ವಲ್ಪ ಆಳದ ಪದರ ಹಿಡಿದು ಬರಬೇಕು. ಬೇಗ ಒಳತೂರಿದರೆ ತಕ್ಷಣ ನಿಲ್ಲಿಸಿ, ಇನ್ನೊಂದು ಬದಿಯಿಂದ ಮೇಲಿನ ಪದರದಲ್ಲಿ ಹೊಸ ಟನಲ್ ತೆಗೆದು, ಕೊನೆಗೆ 10-0 ಅಳತೆಯ ಅತಿ ತೆಳು ನೈಲಾನ್ ದಾರದ ಹೊಲಿಗೆ ಹಾಕಬೇಕು. ಹೊಲಿಗೆ ಹಾಕಿದರೆ ಅವಮಾನ ಎಂದು ಭಾವಿಸುವ ಕಲಿಕಾರ್ಥಿಗಳಿದ್ದಾರೆ. ಸೋರುವ ಗಾಯದೊಂದಿಗೆ ರೋಗಿ ಸಿಂಧನೂರಿನ ಹಳ್ಳಿಗೆ ಬಸ್ಸಿನಲ್ಲಿ ಹೋಗುತ್ತಾರೆ ಎಂಬುದನ್ನು ಅವರಿಗೆ ಬಿಡಿಸಿ ಹೇಳಬೇಕು.

ಕಲಿಸುವ ಕ್ರಮ ಆಪರೇಷನ್‌ನ ಕ್ರಮವೇ ಆಗಬೇಕಿಲ್ಲ. ಮೊದಲ 15-20 ಕಣ್ಣುಗಳಲ್ಲಿ ಟನಲ್ ಮಾತ್ರ ಕಲಿಯುವವರದು, ಉಳಿದದ್ದು ಸೀನಿಯರ್‌ದು. ಟನಲ್ ಕಣ್ಣಿನ ಹೊರಗೋಡೆಯ ಕೆಲಸ, ತಪ್ಪಿದರೂ ತಿದ್ದಬಹುದು. ನಂತರ ಲೆನ್ಸ್ ಕೂರಿಸುವುದು, ಸಿಮ್ಕೋದಿಂದ ಕಾರ್ಟೆಕ್ಸ್ (ನ್ಯೂಕ್ಲಿಯಸ್ ಸುತ್ತಲಿನ ಮೆತ್ತನೆಯ ಪದರ) ಎಳೆಯುವುದು. ರೆಕ್ಸಿಸ್ ಮತ್ತು ನ್ಯೂಕ್ಲಿಯಸ್ ಹೊರತೆಗೆಯುವುದು ಕೊನೆಗೆ. ಪ್ರತಿ ಕೇಸಿನ ವಿಡಿಯೊ ಆ ಸಂಜೆಯೇ ನೋಡಿ, ಅಂತರರಾಷ್ಟ್ರೀಯ ನೇತ್ರವಿಜ್ಞಾನ ಮಂಡಳಿಯ 'ಆಸ್ಕರ್' ಅಂಕಪಟ್ಟಿಯಲ್ಲಿ ಗುರುತು ಹಾಕಬೇಕು. ಅದರಲ್ಲಿ ಹಂತಹಂತಕ್ಕೂ ಹೊಸಬರ ಕೈ ಹೇಗಿರುತ್ತದೆ, ನುರಿತವರ ಕೈ ಹೇಗಿರುತ್ತದೆ ಎಂದು ಬಿಡಿಸಿ ಬರೆದಿದೆ. "ಚೆನ್ನಾಗಿ ಮಾಡಿದ್ರಿ" ಎಂಬ ಮಾತಿಗಿಂತ ಅದು ಹೆಚ್ಚು ಕಲಿಸುತ್ತದೆ.

ನ್ಯೂಕ್ಲಿಯಸ್ ತೆಗೆಯುವಾಗ ಕಾರ್ನಿಯಾ ಹಾಳಾಗುವುದೇ ಹೆಚ್ಚು. ವೆಕ್ಟಿಸ್ ಒಳಗೆ ಹಾಕುವ ಮುನ್ನ ಹೊರಗೊಮ್ಮೆ ನೀರು ಬಿಟ್ಟು ನೋಡಬೇಕು, ಕಟ್ಟಿಕೊಂಡ ವೆಕ್ಟಿಸ್ ಬರೀ ತಂತಿಯ ಕೊಕ್ಕೆ. ನ್ಯೂಕ್ಲಿಯಸ್‌ನ ಮೇಲೂ ಕೆಳಗೂ ವಿಸ್ಕೋ, ಅಂದರೆ ಕಣ್ಣೊಳಗಿನ ಭಾಗಗಳನ್ನು ಕಾಯುವ ಅಂಟು ದ್ರವ, ತುಂಬಬೇಕು. ಎಳೆಯುವಾಗ ಕೈ ಮೇಲೆತ್ತಬಾರದು, ಗಾಯದ ಹಿಂದಿನ ತುಟಿಯನ್ನು ಕೆಳಗೆ ಒತ್ತಬೇಕು. ಆಗ ಬಾಯಿ ತೆರೆದುಕೊಂಡು ನೀರಿನ ಒತ್ತಡಕ್ಕೇ ನ್ಯೂಕ್ಲಿಯಸ್ ಜಾರಿ ಬರುತ್ತದೆ. ಬರದಿದ್ದರೆ ಬಲ ಬೇಡ, ಹಿಂದೆ ಬಂದು ಒಳಬಾಯಿ ಅಗಲಮಾಡಿ.

ಲೆನ್ಸ್ ಚೀಲದ ಹಿಂಗೋಡೆ ಹರಿಯುವುದು ಎಲ್ಲರಿಗೂ ಒಂದಲ್ಲ ಒಂದು ದಿನ ಆಗುತ್ತದೆ. ಒಳಕೋಣೆ ಥಟ್ಟನೆ ಆಳವಾಗುತ್ತದೆ, ಪಾಪೆ ಅಗಲವಾಗುತ್ತದೆ. ಗಾಬರಿಯಲ್ಲಿ ಸಿಮ್ಕೋ ಹೊರಗೆಳೆಯುವುದೇ ದೊಡ್ಡ ತಪ್ಪು, ಒತ್ತಡ ಕುಸಿದು ವಿಟ್ರಿಯಸ್ (ಕಣ್ಣಿನ ಹಿಂಭಾಗದ ಲೋಳೆ) ಮುಂದಕ್ಕೆ ನುಗ್ಗುತ್ತದೆ. ಕೈ ಅಲ್ಲೇ ಇರಲಿ, ಪಕ್ಕದ ಸಣ್ಣ ತೂತಾದ ಸೈಡ್‌ಪೋರ್ಟ್‌ನಿಂದ ಇನ್ನೊಂದು ಕೈ ವಿಸ್ಕೋ ತುಂಬಲಿ, ಆಮೇಲೆ ಹೊರಗೆ ಬನ್ನಿ. ಆ ಲೋಳೆ ಕತ್ತರಿಸಿ ತೆಗೆಯುವ ವಿಟ್ರೆಕ್ಟಮಿ ಯಂತ್ರವಿಲ್ಲದ ಕಡೆ ಸ್ಪಂಜು ಮತ್ತು ವ್ಯಾನಸ್ ಎಂಬ ಸಣ್ಣ ಕತ್ತರಿಯಿಂದ, ಎಳೆಯದೆ, ಗಾಯದ ಬಾಯಿ ಶುದ್ಧಮಾಡಬೇಕು. ಚೀಲದ ಮುಂಗೋಡೆಯ ಅಂಚು ಪೂರ್ತಿ ಇದ್ದರೆ ಲೆನ್ಸನ್ನು ಅದರ ಮೇಲೆ ಕೂರಿಸಿ, ಲೆನ್ಸಿನ ಪವರ್ 0.5ರಿಂದ 1 ಡಯಾಪ್ಟರ್ (ಪವರಿನ ಅಳತೆ) ಇಳಿಸಿ. ಇಲ್ಲದಿದ್ದರೆ ಲೆನ್ಸ್ ಇಲ್ಲದೆ ಗಾಯ ಮುಚ್ಚಿ ಮುಂದಿನ ಆಸ್ಪತ್ರೆಗೆ ಕಳಿಸಿ. ಆ ತೀರ್ಮಾನಕ್ಕೂ ತರಬೇತಿ ಬೇಕು. ಒಂದೇ ಕಣ್ಣಿರುವವರನ್ನು ಕಲಿಯುವವರ ಪಟ್ಟಿಗೆ ಹಾಕಲೇಬಾರದು.

ಸೋಂಕಿನ ವಿಷಯದಲ್ಲಿ ರಾಜಿ ಇಲ್ಲ. ಆಪರೇಷನ್‌ಗೆ ಮುಂಚೆ ಶೇ 5ರ ಪೊವಿಡೋನ್ ಅಯೋಡಿನ್ ಕಣ್ಣಿಗೆ ಹಾಕಿ 3 ನಿಮಿಷ ಗಡಿಯಾರ ನೋಡಿ ಕಾಯಬೇಕು. ಕಣ್ಣೊಳಗೆ ಹರಿಸುವ ರಿಂಗರ್ ಲ್ಯಾಕ್ಟೇಟ್ ದ್ರವದ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, ಬ್ಯಾಚ್ ನಂಬರು ರಿಜಿಸ್ಟರ್‌ನಲ್ಲಿ ಬರೆಯಬೇಕು. ಒಂದೇ ದಿನ ಹಲವು ಕಣ್ಣಿಗೆ ಸೋಂಕಾದರೆ ಮೊದಲು ಅನುಮಾನ ಪಡಬೇಕಾದದ್ದರಲ್ಲಿ ಅದೂ ಒಂದು. ಕೊನೆಗೆ ಆ್ಯಂಟಿಬಯೋಟಿಕ್ ಮಾಕ್ಸಿಫ್ಲಾಕ್ಸಸಿನ್ 0.1 ಮಿ.ಲೀ.ಯಲ್ಲಿ 0.5 ಮಿ.ಗ್ರಾಂ ಒಳಕೋಣೆಗೆ.

ಲೆನ್ಸಿನ ಅಳತೆ ಎಲ್ಲರೂ ಹಗುರವಾಗಿ ನೋಡುವ ಕೆಲಸ. ಕಣ್ಣಿನ ಉದ್ದ ಅಳೆಯುವ ಎ-ಸ್ಕ್ಯಾನ್ ಯಂತ್ರದ ಪ್ರೋಬ್ ಕಾರ್ನಿಯಾಕ್ಕೆ ಒತ್ತಿದರೆ ಕಣ್ಣು ಇರುವುದಕ್ಕಿಂತ ಚಿಕ್ಕದೆಂದು ಬರುತ್ತದೆ. 1 ಮಿ.ಮೀ. ವ್ಯತ್ಯಾಸಕ್ಕೆ ಸುಮಾರು 2.5 ಡಯಾಪ್ಟರ್ ತಪ್ಪು. ಆಪರೇಷನ್ ಚೆನ್ನಾಗಿ ಆಗಿಯೂ ಅಜ್ಜಿಗೆ ದೂರದ್ದು ಕಾಣುವುದಿಲ್ಲ. ಸರ್ಜನ್ ತಾನೇ ಒಂದು ವಾರ ಕೂತು ಅಳತೆ ತೆಗೆಯುವುದನ್ನು ಕಲಿಯಬೇಕು.

ಮಾತು ಕೂಡ ಸಲಕರಣೆಯೇ. ಬ್ಲಾಕ್ (ಕಣ್ಣು ಮರಗಟ್ಟಿಸುವ ಚುಚ್ಚುಮದ್ದು) ಕೊಡುವಾಗ ಕಣ್ಣು ಹೊರಳಿದರೆ ಸೂಜಿ ಅಪಾಯ. ಹೊರಗಿನಿಂದ ಬಂದ ವೈದ್ಯರು "ಯಜ್ಜಾ, ಎದುರಿಗೆ ನೋಡ್ರಿ, ಕಣ್ಣು ಅಳ್ಳಾಡಿಸಬ್ಯಾಡ್ರಿ", "ಯಮ್ಮಾ, ಕೆಮ್ಮು ಬಂದ್ರ ಮೊದ್ಲ ಹೇಳ್ರಿ" ಎಂಬಂಥ ಹತ್ತು ಮಾತುಗಳನ್ನು ಬಾಯಿಪಾಠ ಮಾಡಲಿ. ಬಳ್ಳಾರಿಯಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿಯೂ ಬೇಕಾಗುತ್ತದೆ.

ಗಂಗಾವತಿ, ಕಾರಟಗಿ ಕಡೆಗೆ ಹೋಗುವವರಿಗೆ ಭತ್ತದ ಎಲೆ ತಾಗಿದ ಕಣ್ಣಿನ ಹುಣ್ಣು ಬೇರೆಯದೇ ಪಾಠ. ಕೆರೆದು ತೆಗೆದದ್ದಕ್ಕೆ, ಶಿಲೀಂಧ್ರ ಕಾಣುವಂತೆ ಮಾಡುವ ಶೇ 10ರ ಕೆಒಎಚ್ ದ್ರಾವಣ ಹಾಕಿ ಸ್ಲೈಡ್ ನೋಡುವವರೆಗೂ ಸ್ಟೀರಾಯ್ಡ್ ಹನಿ ಮುಟ್ಟಬಾರದು. ಶಿಲೀಂಧ್ರವಿದ್ದರೆ ಅದರ ಔಷಧವಾದ ನಟಮೈಸಿನ್ ಹನಿ ಶೇ 5, ಮೊದಲ ದಿನಗಳಲ್ಲಿ ಗಂಟೆಗೊಮ್ಮೆ.

ಇನ್ನು ಲೆಕ್ಕ. ಎಷ್ಟು ಆಪರೇಷನ್ ಎಂಬುದನ್ನು ಎಲ್ಲರೂ ಬರೆಯುತ್ತಾರೆ, ಎಷ್ಟು ಮಂದಿಗೆ ಕಂಡಿತು ಎಂಬುದನ್ನು ಬರೆಯುವವರು ಕಡಿಮೆ. ವಿಶ್ವ ಆರೋಗ್ಯ ಸಂಸ್ಥೆ 1998ರಲ್ಲಿ ಕೊಟ್ಟ ಮಾನದಂಡದಂತೆ, ಇರುವ ಕನ್ನಡಕದಲ್ಲೇ ಶೇ 80ಕ್ಕಿಂತ ಹೆಚ್ಚು ಕಣ್ಣುಗಳಿಗೆ 6/18 (ಸರಿಯಿರುವ ಕಣ್ಣು 18 ಮೀಟರಿನಿಂದ ಓದುವುದನ್ನು 6 ಮೀಟರಿನಿಂದ ಓದುವಷ್ಟು) ಅಥವಾ ಅದಕ್ಕಿಂತ ಚೆನ್ನಾಗಿ ಕಾಣಬೇಕು, 6/60ಕ್ಕಿಂತ ಕಡಿಮೆ ಇರುವವು ಶೇ 5 ಮೀರಬಾರದು. 6 ವಾರಕ್ಕೆ ಬನ್ನಿ ಅಂದರೆ ನಮ್ಮ ಭಾಗದಲ್ಲಿ ಎಷ್ಟೋ ಮನೆಯವರು ಆಗಲೇ ಬೆಂಗಳೂರಿಗೆ ಗುಳೆ ಹೋಗಿರುತ್ತಾರೆ, ಅಜ್ಜನನ್ನು ಕರೆತರುವವರೇ ಇರುವುದಿಲ್ಲ. ಅದಕ್ಕೆ ಮರುದಿನದ ದೃಷ್ಟಿಯನ್ನು ತಪ್ಪದೆ ಬರೆದು, ಹನಿ ಔಷಧ 6 ವಾರಕ್ಕೂ ಸಾಲುವಷ್ಟು ಕೈಗೇ ಕೊಟ್ಟು, ಆಶಾ ಕಾರ್ಯಕರ್ತೆಯ ಫೋನ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆದುಕೊಳ್ಳಬೇಕು. 6/60ಕ್ಕಿಂತ ಕಡಿಮೆ ಬಂದ ಪ್ರತಿ ಕಣ್ಣಿನ ಎದುರು ಕಾರಣದ ಕಾಲಂ ಇರಲಿ: ಮೊದಲೇ ಇದ್ದ ಕಾಯಿಲೆಯೇ, ಆಪರೇಷನ್ ತೊಡಕೇ, ಕನ್ನಡಕ ಸಿಗದದ್ದೇ. ಆ ಕಾಲಂ ತುಂಬುವುದು ಆಪರೇಷನ್ ಮಾಡಿದ ಸರ್ಜನ್ನೇ, ತಮ್ಮ ಕೈಬರಹದಲ್ಲಿ.